ಫ್ರಿಜ್ ರಿಪೇರಿ ಅಂಗಡಿ ಗೂಗಲ್‌ನಲ್ಲಿ ಕಾಣಬೇಕಾದರೆ ಹಣ ಕೊಡಬೇಕೇ?

ಪ್ರಶ್ನೆ, ರಾಯಚೂರಿನಿಂದ:
ನಮ್ಮ ಮನೆಯವರು ತೀನ್ ಕಂದೀಲ್ ಹತ್ತಿರದ ಓಣಿಯೊಂದರಲ್ಲಿ ಫ್ರಿಜ್, ಕೂಲರ್, ಎ.ಸಿ. ರಿಪೇರಿ ಮಾಡುತ್ತಾರೆ. ಒಮ್ಮೆ ಬಂದವರು ಮತ್ತೆ ಬರುತ್ತಾರೆ. ಆದರೆ ಹೊಸಬರೆಲ್ಲ ಮೊಬೈಲ್‌ನಲ್ಲಿ ಹುಡುಕಿ, ಅಲ್ಲಿ ಸಿಕ್ಕವರನ್ನು ಕರೆಯುತ್ತಾರೆ. ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆಂದು ಒಬ್ಬರು ವರ್ಷಕ್ಕಿಷ್ಟು ಎಂದು ಹಣ ಕೇಳುತ್ತಿದ್ದಾರೆ. ಅನುಭವ ಇದ್ದವರು ತಿಳಿಸಿ.

ಗಂಗಾವತಿಯಿಂದ, ಮೋಟರ್ ವೈಂಡಿಂಗ್ ಅಂಗಡಿ:
ಅಕ್ಕಾವರೇ, ಕೊಡಬೇಡಿ. ತನ್ನ ನಕ್ಷೆಯಲ್ಲಿ (ಗೂಗಲ್ ಮ್ಯಾಪ್ಸ್) ಅಂಗಡಿ ಸೇರಿಸಲು ಗೂಗಲ್ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಹಣ ಕೊಟ್ಟು ಅಲ್ಲಿ ಮೇಲಕ್ಕೇರಲು ಬರುವುದಿಲ್ಲವೆಂದು ಅದೇ ಸ್ಪಷ್ಟವಾಗಿ ಹೇಳಿದೆ. ಜಾಹೀರಾತಿನ ಮಾತು ಬೇರೆ; ಅದರ ಮೇಲೆ ಪ್ರಾಯೋಜಿತ ಎಂದು ಬರೆದಿರುತ್ತದೆ. ಗೂಗಲ್ ಮುಖ್ಯವಾಗಿ ನೋಡುವುದು ಮೂರನ್ನು: ಹುಡುಕಿದ ಮಾತಿಗೆ ನಿಮ್ಮ ಕೆಲಸ ಹೊಂದುತ್ತದೆಯೇ, ಹುಡುಕುವವರಿಂದ ಅಂಗಡಿ ಎಷ್ಟು ದೂರ, ಜನರಲ್ಲಿ ಅಂಗಡಿಗೆ ಎಷ್ಟು ಹೆಸರಿದೆ. ದೂರ ನಮ್ಮ ಕೈಯಲ್ಲಿಲ್ಲ, ಉಳಿದೆರಡಕ್ಕೆ ದುಡಿಯಬಹುದು.

ನಿಮ್ಮದೇ ಜಿಮೇಲ್ ಖಾತೆಯಿಂದ ಸೇರಿಸಿ. ನಮ್ಮ ಪಕ್ಕದ ಅಂಗಡಿಯವರು ಬೇರೆಯವರ ಖಾತೆಯಿಂದ ಮಾಡಿಸಿ, ಫೋನ್ ನಂಬರ್ ಬದಲಿಸಲು ಈಗಲೂ ಅವರ ಬೆನ್ನು ಹತ್ತಿದ್ದಾರೆ. ಅಂಗಡಿ ನಿಮ್ಮದೇ ಎಂಬುದರ ಪರಿಶೀಲನೆಗೆ ಗೂಗಲ್ ವಿಡಿಯೊ ಕೇಳಬಹುದು. ರಸ್ತೆ, ಬೋರ್ಡು, ಒಳಗಿನ ಸಲಕರಣೆ, ಶಟರಿನ ಬೀಗ ನೀವೇ ತೆಗೆಯುವುದು, ಇವೆಲ್ಲ ಎಲ್ಲಿಯೂ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ಬರಬೇಕು. ಹೆಸರು ಬೋರ್ಡಿನಲ್ಲಿ ಇದ್ದಂತೆಯೇ ಇರಲಿ. ‘ರಾಯಚೂರಿನ ನಂಬರ್ ಒನ್ ಎ.ಸಿ. ರಿಪೇರಿ’ ಎಂದು ಬಾಲ ಹಚ್ಚುವುದು ನಿಯಮಕ್ಕೆ ವಿರುದ್ಧ, ಅಂಗಡಿಯ ವಿವರವೇ ಅಮಾನತಾಗಬಹುದು.

ಕೆಲಸಗಳ ವಿವರ ಬರೆಯುವಾಗ ಅವಸರ ಬೇಡ. ಗಿರಾಕಿಯ ಬಾಯಲ್ಲಿ ಬರುವ ಮಾತನ್ನೇ ಬರೆಯಿರಿ: ಫ್ರಿಜ್ ತಂಪಾಗುತ್ತಿಲ್ಲ, ಎ.ಸಿ. ಗ್ಯಾಸ್ ತುಂಬುವುದು, ಕೂಲರ್ ಪಂಪ್ ಬದಲಿ. ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಮನೆಯಲ್ಲಿ ತೆಲುಗು, ಉರ್ದು ಆಡುವವರು ನಮ್ಮ ಭಾಗದಲ್ಲಿ ಬಹಳ ಜನ, ಅವರಲ್ಲಿ ಹೆಚ್ಚಿನವರು ಹುಡುಕುವುದು ಇಂಗ್ಲಿಷ್ ಅಕ್ಷರಗಳಲ್ಲಿ.

ಬಳ್ಳಾರಿಯಿಂದ, ಗೃಹಿಣಿ:
ಹುಡುಕುವವರ ಕಡೆಯಿಂದ ನಾನು ಹೇಳುತ್ತೇನೆ. ಬಿಸಿಲು 40 ಡಿಗ್ರಿ ದಾಟಿದ್ದಾಗ ನಮ್ಮ ಎ.ಸಿ. ನಿಂತಿತು. ‘ತೆರೆದಿದೆ’ ಎಂದು ಮೊಬೈಲ್ ತೋರಿಸಿದ ಅಂಗಡಿಗೆ ಅತ್ತೆಯವರನ್ನು ಸೆಕೆಯಲ್ಲೇ ಬಿಟ್ಟು ಹೋದರೆ ಶಟರ್ ಇಳಿದಿತ್ತು. ದಯವಿಟ್ಟು ಸಮಯ ಸರಿಯಾಗಿ ಹಾಕಿ. ಅಮಾವಾಸ್ಯೆಗೆ ಮುಚ್ಚುತ್ತೀರಾದರೆ ಅದನ್ನೂ ಹಾಕಿ, ಒಂದೊಂದು ದಿನಕ್ಕೆ ಪ್ರತ್ಯೇಕವಾಗಿ ಸಮಯ ಬದಲಿಸಲು ಅವಕಾಶವಿದೆ.

ಐದು ನಕ್ಷತ್ರ ಒತ್ತಿ ‘ಚೆನ್ನಾಗಿದೆ’ ಎಂದಷ್ಟೇ ಬರೆದದ್ದನ್ನು ನಾನು ನಂಬುವುದಿಲ್ಲ. ‘ಕಂಪ್ರೆಸರ್ ಹೋಗಿದೆ ಎಂದು ಬೇರೆಯವರು ಹೆದರಿಸಿದ್ದರು, ಇವರು ಕೆಪಾಸಿಟರ್ ಬದಲಿಸಿ ಸರಿಮಾಡಿದರು’ ಎಂದು ಒಬ್ಬರು ಬರೆದದ್ದನ್ನು ಓದಿ ಮರುಕ್ಷಣವೇ ಆ ಅಂಗಡಿಗೆ ಫೋನ್ ಮಾಡಿದೆ. ಕೆಲಸ ಮುಗಿದ ಮೇಲೆ ಏನು ಕೆಟ್ಟಿತ್ತು, ಏನು ಮಾಡಿದರು ಎಂದು ಬರೆಯಲು ಗಿರಾಕಿಗಳನ್ನು ಕೇಳಿ. ಅದಕ್ಕಾಗಿ ರಿಯಾಯಿತಿ ಮಾತ್ರ ಕೊಡಬೇಡಿ, ಗೂಗಲ್ ಅದನ್ನು ನಿಷೇಧಿಸಿದೆ.

ಕೊಪ್ಪಳದಿಂದ, ಪ್ಲಂಬರ್:
ನನಗೆ ಅಂಗಡಿ ಇಲ್ಲ, ಮನೆಯಿಂದಲೇ ಕೆಲಸಕ್ಕೆ ಹೋಗುತ್ತೇನೆ. ವಿಳಾಸ ಮರೆಮಾಡಿ, ಹೋಗುವ ಊರುಗಳನ್ನು ಮಾತ್ರ ಸೇರಿಸಿದ್ದೇನೆ. ನಿಮ್ಮವರು ಶಕ್ತಿನಗರ, ಮಾನ್ವಿ ಕಡೆಗೂ ಹೋಗುವವರಾದರೆ ಅವನ್ನು ಸೇವಾ ಪ್ರದೇಶಗಳೆಂದು ಹಾಕಿ, 20ರವರೆಗೆ ಹಾಕಬಹುದು. ಇನ್ನೊಂದು ಮಾತು ಅಕ್ಕಾ: ಅವರು ಏಣಿಯ ಮೇಲಿರುವಾಗ ಫೋನ್ ಎತ್ತಲಾಗದು, ಗಿರಾಕಿ ಮುಂದಿನ ನಂಬರಿಗೆ ಹೋಗಿಬಿಡುತ್ತಾರೆ. ನಮ್ಮಲ್ಲಿ ಕರೆ ತೆಗೆದುಕೊಳ್ಳುವುದು ನನ್ನ ಹೆಂಡತಿಯೇ. ನಿಮ್ಮ ನಂಬರನ್ನೂ ಹಾಕಿ. ಯಾವ ಓಣಿ, ಯಾವ ಕಂಪನಿಯ ಎ.ಸಿ., ಎಷ್ಟು ಟನ್ ಎಂದು ಕೇಳಿ ಬರೆದಿಟ್ಟುಕೊಳ್ಳಿ.