'ಪ್ಯಾರಿಷ್ ಚರ್ಚ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲೆಂಡಿನ ಎಸ್ಕಮ್ ಹಳ್ಳಿಯ (ಕರೆಂಟಿನ ಎಸ್ಕಾಂ ಅಲ್ಲ!) ಹಳೇ ಚರ್ಚಿನ ಬಗ್ಗೆ ಬರೆಯುತ್ತಿದ್ದೇನೆ. 'ಪ್ಯಾರಿಷ್' (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಅನ್ನುವ ಪದ ಬಂದ ಕಡೆ ಬರಹ ನಿಂತಿದೆ.

ಡರಮ್ ಕೌಂಟಿಯಲ್ಲಿರುವ ಈ ಚರ್ಚನ್ನು ಕಟ್ಟಿದ್ದು ಸುಮಾರು ಕ್ರಿ.ಶ. 675ರಲ್ಲಿ. ಕಲ್ಲುಗಳನ್ನು ಹತ್ತಿರದ ಬಿಂಚೆಸ್ಟರಿನ ರೋಮನ್ ಕೋಟೆಯಿಂದ ಹೊತ್ತು ತಂದರು. ಉತ್ತರದ ಗೋಡೆಯ ಒಂದು ಕಲ್ಲಿನಲ್ಲಿ ರೋಮನ್ನರ ಆರನೇ ಪಡೆಯ ಹೆಸರಿದೆ, ಅದೂ ತಲೆಕೆಳಗಾಗಿ. ಗೋಡೆ ಕಟ್ಟಿದವರಿಗೆ ಓದೋಕೆ ಬರುತ್ತಿರಲಿಲ್ಲವೋ, ಕಲ್ಲು ಸರಿಯಾಗಿ ಕೂತರೆ ಸಾಕು ಅಂದುಕೊಂಡರೋ. ನಮ್ಮಲ್ಲೂ ಶಾಸನದ ಕಲ್ಲು ಮೆಟ್ಟಿಲಾಗಿರುವುದು ಉಂಟಲ್ವಾ?

ಈಗ ಪದದ ವಿಚಾರ. ನಮ್ಮ ಕ್ಯಾಥೊಲಿಕರು ಪ್ಯಾರಿಷ್‌ಗೆ 'ಧರ್ಮಕೇಂದ್ರ' ಅನ್ನುತ್ತಾರೆ. ಅಲ್ಲಿನ ಪಾದ್ರಿ 'ವಿಚಾರಣಾ ಗುರು'. ಆದರೆ 'ಎಸ್ಕಮ್ ವಿಚಾರಣೆ' ಅಂತ ಬರೆದರೆ ಓದುಗರ ತಲೆ ಸೀದಾ ಕೋರ್ಟಿಗೆ ಹೋಗುತ್ತದೆ. ಮಂಗಳೂರು ಕಡೆಯ 'ಇಗರ್ಜಿ' ಕೇಳೋಕೆ ಚೆಂದ. ಅದು ಪೋರ್ಚುಗೀಸರಿಂದ ಬಂದದ್ದು, ಬರೀ ಚರ್ಚ್ ಅಂತ ಅರ್ಥ.

ಇಂಗ್ಲೆಂಡಿನ ಪ್ಯಾರಿಷ್ ಅಂದರೆ ಸುಮ್ನೆ ಪ್ರಾರ್ಥನೆಗೆ ಸೇರುವ ಗುಂಪಲ್ಲ. 1538ರಿಂದ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಅಲ್ಲಿನ ಪಾದ್ರಿ ಪುಸ್ತಕದಲ್ಲಿ ಬರೆದಿಡಬೇಕಿತ್ತು. 1601ರ ಕಾಯ್ದೆ ಪ್ರಕಾರ ಬಡವರನ್ನು ನೋಡಿಕೊಳ್ಳುವ ಹೊಣೆ ಪ್ಯಾರಿಷ್‌ನದಾಗಿತ್ತು, ಅದಕ್ಕೆ ತೆರಿಗೆ ಎತ್ತುತ್ತಿದ್ದುದೂ ಅದೇ. ಬೆಳೆಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. 'ಧರ್ಮಕೇಂದ್ರ' ಅಂದರೆ ಈ ತೆರಿಗೆ, ಗಡಿ, ದಫ್ತರ ಯಾವುದೂ ಕಣ್ಣಿಗೆ ಬರುವುದಿಲ್ಲ.

ದಕ್ಷಿಣ ಕನ್ನಡದಲ್ಲಿ 'ಸೀಮೆ ದೇವಸ್ಥಾನ' ಅಂತಾರಲ್ಲ, ಅದು ಹೊಂದುತ್ತದೆ ಅನಿಸಿತು. ಇಷ್ಟು ಊರಿಗೆ ಈ ದೇವಸ್ಥಾನ ಅಂತ ಅಲ್ಲೂ ಲೆಕ್ಕ ಇದೆ. ಆದರೆ 'ಸೀಮೆ ಚರ್ಚ್' ಅಂದರೆ ಸೀಮೆಎಣ್ಣೆ, ಸೀಮೆಸುಣ್ಣದ ಸಾಲಿಗೆ ಸೇರಿ ಪರದೇಶದ ಚರ್ಚ್ ಆಗಿಬಿಡುತ್ತದೆ. ಎಸ್ಕಮ್ಮಿನ ಮಟ್ಟಿಗೆ ಅದೂ ಸುಳ್ಳಲ್ಲ ಅನ್ನಿ.

ಸದ್ಯಕ್ಕೆ 'ಮಾಗಣೆ' ಕಡೆ ಮನಸ್ಸು ವಾಲಿದೆ. ನಾಲ್ಕಾರು ಊರು ಸೇರಿ ಒಂದು ಮಾಗಣೆ, ಅದಕ್ಕೊಂದು ದೇವಸ್ಥಾನವೋ ದೈವಸ್ಥಾನವೋ ಇರುತ್ತದೆ. 'ಮಾಗಣೆ ಚರ್ಚ್' ಅಂದರೆ ಘಟ್ಟದ ಮೇಲಿನವರಿಗೆ ಅರ್ಥ ಆಗುತ್ತದಾ? ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಇಂಥದ್ದಕ್ಕೆ ಏನಂತೀರಿ? ಹೊಸದಾಗಿ ಹೊಸೆದ ಸಂಸ್ಕೃತ ಪದ ಬೇಡ, ಜನರ ಬಾಯಲ್ಲಿರುವುದನ್ನು ಹೇಳಿ.