ಶಾರ್ಜಾದಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಹೋಯಿತು: ಸಹಿ ಹಾಕುವ ಮೊದಲು ಏನು ನೋಡಬೇಕು, ಊರಿಗೆ ಬಂದರೆ ದಾರಿ ಯಾವುದು?

ಪ್ರಶ್ನೆ: ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ಇಂಗ್ಲಿಷ್ ಬಿ.ಎ. ಮತ್ತು ಬಿ.ಎಡ್. ಮುಗಿಸಿ, ಆರು ವರ್ಷಗಳಿಂದ ಶಾರ್ಜಾದ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮುಂದಿನ ವರ್ಷಕ್ಕೆ ಎರಡು ಡಿವಿಷನ್ ಕಡಿಮೆಯಾಗುವುದರಿಂದ ಮಾರ್ಚ್ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ ಎಂದು ಕಳೆದ ವಾರ ಕಚೇರಿಗೆ ಕರೆದು ತಿಳಿಸಿದರು. ವೀಸಾ ರದ್ದತಿಯ ಕಾಗದವೊಂದನ್ನು ಮುಂದಿಟ್ಟು ಸಹಿ ಕೇಳಿದರು. ನನಗೆ ಬರಬೇಕಾದ ಹಣವೆಲ್ಲ ಬಂದಿದೆ ಎಂಬ ಸಾಲು ಅದರಲ್ಲಿದೆ. ಆದರೆ ಹಣವನ್ನು ಎರಡು ತಿಂಗಳು ಬಿಟ್ಟು ಬ್ಯಾಂಕಿಗೆ ಹಾಕುತ್ತೇವೆ ಎನ್ನುತ್ತಾರೆ. ನಾನು ಓದಿ ನೋಡಿ ಹೇಳುತ್ತೇನೆಂದು ಕಾಗದವನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ನನ್ನ ಮೂಲವೇತನ 2,000 ದಿರ್ಹಂ, ಉಳಿದದ್ದು ಭತ್ಯೆ. ನ್ಯಾಯವಾಗಿ ನನಗೆ ಎಷ್ಟು ಸಿಗಬೇಕು? ಊರಿಗೆ ಬಂದರೆ ನನ್ನಂಥವಳಿಗೆ ಶಾಲೆಯಲ್ಲಿ ಜಾಗ ಉಂಟೇ?

ಇನ್ನೊಂದು ಮಾತನ್ನೂ ಹೇಳಿಕೊಳ್ಳಬೇಕು. ನನ್ನ ತರಗತಿಯಲ್ಲಿ ಅರಬಿ ಮಾತನಾಡುವ ಮನೆಯ ಹುಡುಗನೊಬ್ಬನಿದ್ದಾನೆ. ಅರಬಿಯಲ್ಲಿ 'ಪ' ಇಲ್ಲದ ಕಾರಣ ಅವನ ಬಾಯಲ್ಲಿ ಪೆನ್ 'ಬೆನ್' ಆಗುತ್ತಿತ್ತು. ಕಾಗದದ ಸಣ್ಣ ಚೂರನ್ನು ತುಟಿಯ ಮುಂದೆ ಹಿಡಿದು, 'ಪ' ಎಂದರೆ ಕಾಗದ ಹಾರಬೇಕು, 'ಬ' ಎಂದರೆ ಹಾರಬಾರದು ಎಂದು ಮೂರು ವಾರ ಆಡಿಸಿದೆ. ಮೊನ್ನೆ ಕಾಗದ ಹಾರಿದಾಗ ಅವನು ಬೆಂಚಿನ ಮೇಲೆ ಹತ್ತಿ ನಿಂತುಬಿಟ್ಟ. ಸಂಬಳದ ಚಿಂತೆ ಇದ್ದದ್ದೇ, ಆದರೆ ಆ ತರಗತಿಯನ್ನು ಬಿಟ್ಟು ಬರುವುದು ಅದಕ್ಕಿಂತ ಕಷ್ಟವಾಗುತ್ತಿದೆ.

ಉತ್ತರ 1: ಉಪ್ಪಳದವರು (ದುಬೈಯಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದೆ)

ಟೀಚರ್, ಸಹಿ ಹಾಕದೆ ಬಂದದ್ದು ಬಹಳ ಒಳ್ಳೆಯದಾಯಿತು. ಹಣ ಕೈಸೇರುವವರೆಗೆ ಹಾಕಲೂಬೇಡಿ. ಎಲ್ಲವೂ ಸಂದಿದೆ ಎಂದು ಬರೆದುಕೊಟ್ಟ ಮೇಲೆ ಸಂದಿಲ್ಲ ಎಂದು ಸಾಧಿಸುವ ಹೊಣೆ ತಮ್ಮ ತಲೆಗೆ ಬರುತ್ತದೆ.

ಯುಎಇಯ ಈಗಿನ ಕಾರ್ಮಿಕ ಕಾನೂನು 2021ರ 33ನೇ ಸಂಖ್ಯೆಯದು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೆಲಸ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿಯನ್ನೂ ಕೊಡಬೇಕು. ಆದ್ದರಿಂದ ಎರಡು ತಿಂಗಳ ಮಾತಿಗೆ ಆಧಾರವಿಲ್ಲ. ಗ್ರಾಚುಯಿಟಿಯನ್ನು, ಅಂದರೆ ದುಡಿದ ವರ್ಷಗಳಿಗಾಗಿ ಕೆಲಸ ಮುಗಿದಾಗ ಸಿಗುವ ಹಣವನ್ನು, ಮೂಲವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನ, ಅನಂತರದ ಪ್ರತಿ ವರ್ಷಕ್ಕೆ 30 ದಿನ. ತಮ್ಮ ಆರು ವರ್ಷಕ್ಕೆ 135 ದಿನಗಳಾಗುತ್ತವೆ, ಅಂದರೆ ನಾಲ್ಕೂವರೆ ತಿಂಗಳ ಮೂಲವೇತನ, 9,000 ದಿರ್ಹಂ. ಬಳಸದೆ ಉಳಿದ ವಾರ್ಷಿಕ ರಜೆಯ ಹಣ ಬೇರೆ. ನೋಟಿಸ್ ಅವಧಿ ಕರಾರಿನಲ್ಲಿ 30ರಿಂದ 90 ದಿನಗಳವರೆಗೆ ಎಷ್ಟೆಂದು ಬರೆದಿರುತ್ತದೆ. ಅದಕ್ಕೆ ಮೊದಲೇ ಕಳುಹಿಸಿದರೆ ಉಳಿದ ದಿನಗಳ ಸಂಬಳ ಕೊಡಬೇಕು. ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ಇಂದೇ ಕೇಳಿ ಪಡೆಯಿರಿ, ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ.

ಬಹಳ ಮಂದಿ ಕೈತಪ್ಪಿಸಿಕೊಳ್ಳುವುದು ನಿರುದ್ಯೋಗ ವಿಮೆಯನ್ನು. 2023ರ ಜನವರಿಯಿಂದ ಇದು ಕಡ್ಡಾಯ, ತಮ್ಮ ವೇತನದವರಿಗೆ ಕಂತು ತಿಂಗಳಿಗೆ 5 ದಿರ್ಹಂ. ಸತತ 12 ತಿಂಗಳು ಕಟ್ಟಿದ್ದರೆ ಮೂಲವೇತನದ 60 ಶೇಕಡಾ, ಅಂದರೆ ತಿಂಗಳಿಗೆ 1,200 ದಿರ್ಹಂ, ಗರಿಷ್ಠ ಮೂರು ತಿಂಗಳು ಸಿಗುತ್ತದೆ. ಆದರೆ ಕೆಲಸ ಹೋದ 30 ದಿನಗಳೊಳಗೆ ಅರ್ಜಿ ಹಾಕಬೇಕು ಮತ್ತು ಆ ಅವಧಿಯಲ್ಲಿ ಕಾನೂನುಬದ್ಧವಾಗಿ ಅಲ್ಲೇ ಇರಬೇಕು. ತಾವಾಗಿಯೇ ರಾಜೀನಾಮೆ ಕೊಟ್ಟವರಿಗೆ ಇದು ಇಲ್ಲ. ಹಾಗಾಗಿ 'ರಾಜೀನಾಮೆ ಕೊಟ್ಟರೆ ಹೆಸರಿಗೆ ಒಳ್ಳೆಯದು' ಎಂದು ಯಾರಾದರೂ ನಯವಾಗಿ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನನ್ನ ಸ್ನೇಹಿತರೊಬ್ಬರು ಹಾಗೆ ಒಪ್ಪಿ ಎಲ್ಲ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಣ ಬಾರದಿದ್ದರೆ ಮಾನವ ಸಂಪನ್ಮೂಲ ಸಚಿವಾಲಯದ ಆ್ಯಪ್‌ನಲ್ಲೇ ದೂರು ಕೊಡಬಹುದು. 50,000 ದಿರ್ಹಮ್‌ವರೆಗಿನ ಬೇಡಿಕೆಯನ್ನು ಸಚಿವಾಲಯವೇ ತೀರ್ಮಾನಿಸುತ್ತದೆ.

ಉತ್ತರ 2: ಬದಿಯಡ್ಕದ ನಿವೃತ್ತ ಮಾಷ್ಟ್ರು

ಮಗಳೇ, ಊರಿನಲ್ಲಿ ಜಾಗ ಉಂಟು, ಆದರೆ ಮೊದಲು ದಾಟಬೇಕಾದ ಬಾಗಿಲು ಕೆ-ಟೆಟ್, ಅಂದರೆ ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ. ಸರಕಾರಿ ಮತ್ತು ಅನುದಾನಿತ ಶಾಲೆಗಳೆರಡಕ್ಕೂ ಅದು ಬೇಕು. ಬಿ.ಎಡ್. ಇರುವುದರಿಂದ ನಿನಗೆ ಅದರಲ್ಲಿ ಯು.ಪಿ., ಅಂದರೆ ಹಿರಿಯ ಪ್ರಾಥಮಿಕ ಶಾಲೆಯ ಎರಡನೇ ವಿಭಾಗ ಮತ್ತು ಹೈಸ್ಕೂಲಿನ ಮೂರನೇ ವಿಭಾಗ ಹೊಂದುತ್ತವೆ. 150 ಅಂಕಗಳಲ್ಲಿ ಸಾಮಾನ್ಯ ವರ್ಗದವರು 90 ಪಡೆಯಬೇಕು, ತಪ್ಪುತ್ತರಕ್ಕೆ ಅಂಕ ಕಡಿಯುವುದಿಲ್ಲ. ಯು.ಪಿ. ವಿಭಾಗದ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಸರಕಾರಿ ಹುದ್ದೆಗಳಿಗೆ ಆಯ್ಕೆ ಮಾಡುವ ಕೇರಳ ಪಿ.ಎಸ್.ಸಿ.ಯವರು ನಮ್ಮ ಜಿಲ್ಲೆಗೆ ಕನ್ನಡ ಮಾಧ್ಯಮದ ಹುದ್ದೆಗಳನ್ನು ಪ್ರತ್ಯೇಕವಾಗಿಯೇ ಕರೆಯುತ್ತಾರೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಿನ್ನಂಥವರಿಗಾಗಿಯೇ ಇರುವ ಹುದ್ದೆಗಳವು. ಕನ್ನಡ ಬಾರದವರು ಬಂದು ಕುಳಿತಾಗ ಮಕ್ಕಳು ಪಟ್ಟ ಪಾಡನ್ನು ನಾನು ಶಾಲೆಯ ವರಾಂಡದಲ್ಲಿ ನಿಂತು ನೋಡಿದವನು. ಅದಕ್ಕೇ ನೀನು ಬರಬೇಕೆಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅದು ಆಗುವವರೆಗೆ ದಿನವೇತನದ ಕೆಲಸಕ್ಕೆ ಜೂನ್ ಹೊತ್ತಿಗೆ ಶಾಲೆಗಳಲ್ಲೇ ಸಂದರ್ಶನ ನಡೆಯುತ್ತದೆ. ಮೂಲ ಸರ್ಟಿಫಿಕೇಟುಗಳನ್ನೂ, ಆ ಶಾಲೆಯ ಅನುಭವ ಪತ್ರವನ್ನೂ ಮರೆಯದೆ ತಾ.

ಉತ್ತರ 3: ಮಂಜೇಶ್ವರದ ಅಕ್ಕ

ನಾನೂ ಮಸ್ಕತ್ತಿನಿಂದ ಹೀಗೆಯೇ ಮರಳಿದವಳು. ಮೊದಲ ಮೂರು ತಿಂಗಳು ಯಾರ ಮನೆಗೂ ಹೋಗಲಿಲ್ಲ, 'ರಜೆಯಲ್ಲಿ ಬಂದದ್ದೋ' ಎಂಬ ಪ್ರಶ್ನೆಗೆ ಉತ್ತರ ಹೇಳಲಾಗುತ್ತಿರಲಿಲ್ಲ. ನೀವು ಹಾಗೆ ಮಾಡಬೇಡಿ ತಂಗೀ, ಬಂದ ವಾರದಲ್ಲೇ ಎಲ್ಲರಿಗೂ ಹೇಳಿಬಿಡಿ.

ನಮ್ಮ ಮನೆಯ ಜಗಲಿಯಲ್ಲಿ ಈಗ ಸಂಜೆ ಹನ್ನೊಂದು ಮಕ್ಕಳು ಇಂಗ್ಲಿಷಿಗೆ ಬರುತ್ತಾರೆ. ನಿಮ್ಮ ಕಾಗದದ ಚೂರಿನ ಮಾತು ಓದಿ ಖುಷಿಯಾಯಿತು. ನಮ್ಮ ಮಕ್ಕಳಿಗೆ 'ಪ' ಸಲೀಸು, ಕಷ್ಟ ಬೇರೆ ಕಡೆ ಇದೆ. ಕನ್ನಡದ ಮಾತು ಸ್ವರದಲ್ಲೇ ನಿಲ್ಲುವುದರಿಂದ ಬಸ್ 'ಬಸ್ಸು' ಆಗುತ್ತದೆ, ಎಗ್ 'ಯೆಗ್ಗು' ಆಗುತ್ತದೆ. ನಾನು ಗಲ್ಲಕ್ಕೆ ಬೆರಳಿಟ್ಟುಕೊಂಡು ಕೊನೆಯ ವ್ಯಂಜನದಲ್ಲೇ ಮಾತು ನಿಲ್ಲಿಸುವುದನ್ನು ಕಲಿಸುತ್ತೇನೆ.

ವಿಮೆಯ ಹಣಕ್ಕಾಗಿ ಅಲ್ಲಿರುವ ಮೂರು ತಿಂಗಳಲ್ಲಿ ಮನೆಪಾಠ ಮಾಡೋಣವೆಂದು ಹೊರಟರೆ ಪರವಾನಗಿ ಬೇಕು. 2023ರ ಡಿಸೆಂಬರಿನಿಂದ ಯುಎಇಯಲ್ಲಿ ಖಾಸಗಿ ಪಾಠದ ಪರ್ಮಿಟ್ಟನ್ನು ಶುಲ್ಕವಿಲ್ಲದೆ ಕೊಡುತ್ತಾರೆ. ಅದಿಲ್ಲದೆ ಪಾಠ ಮಾಡಿ ದಂಡ ಕಟ್ಟುವಂತಾಗಬಾರದು. ಮುಂದೆ ಸ್ವಂತ ಟ್ಯೂಷನ್ ಕೇಂದ್ರದ ಯೋಚನೆ ಬಂದರೆ, ಎರಡು ವರ್ಷ ಹೊರಗೆ ದುಡಿದು ಮರಳಿದವರಿಗೆ ನೋರ್ಕಾದ, ಅಂದರೆ ಕೇರಳ ಸರಕಾರದ ಅನಿವಾಸಿ ಕೇರಳೀಯರ ಇಲಾಖೆಯ, ಸಹಾಯಧನವಿರುವ ಸಾಲವುಂಟು. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಮನಸಾರೆ ಕೃತಜ್ಞಳು. ಇಂದು ಬೆಳಿಗ್ಗೆ ಕಚೇರಿಗೆ ಹೋಗಿ, ಹಣ ಬ್ಯಾಂಕಿಗೆ ಬಂದ ದಿನ ಸಹಿ ಹಾಕುತ್ತೇನೆಂದು ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡೆ. 14 ದಿನಗಳ ನಿಯಮವನ್ನು ಹೇಳಿದ ಮೇಲೆ ಎರಡು ತಿಂಗಳ ಮಾತು ಬರಲಿಲ್ಲ. ವಿಮೆಯ ಕಂತುಗಳು ಒಂದೂ ತಪ್ಪಿಲ್ಲವೆಂದು ನೋಡಿಕೊಂಡಿದ್ದೇನೆ. ಮಾಷ್ಟ್ರೇ, ಕೆ-ಟೆಟ್ ಪುಸ್ತಕವನ್ನು ಕಾಸರಗೋಡಿನಿಂದ ತಂದಿಡಲು ತಮ್ಮನಿಗೆ ಹೇಳಿದ್ದೇನೆ. ಅಕ್ಕಾ, ಗಲ್ಲಕ್ಕೆ ಬೆರಳಿಡುವ ಉಪಾಯವನ್ನು ನಾಳೆ ಇಲ್ಲಿನ ಮಕ್ಕಳಲ್ಲೂ ನೋಡುತ್ತೇನೆ. ಮಾರ್ಚ್ ಮುಗಿಯಲು ಇನ್ನೂ ಹತ್ತೊಂಬತ್ತು ತರಗತಿಗಳಿವೆ.