ವೈರ್‌ಮನ್ ಪರ್ಮಿಟ್ ಇದೆ, ಕಂಟ್ರಾಕ್ಟರ್ ಲೈಸೆನ್ಸ್‌ಗೆ ದಾರಿ ತಿಳಿಸಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್, ವೈರ್‌ಮನ್ ಪರ್ಮಿಟ್ ಇದೆ. ಹಾಸನದಲ್ಲಿ ಸ್ವಂತವಾಗಿ ಮನೆ ವೈರಿಂಗ್ ಗುತ್ತಿಗೆ ಹಿಡಿಯುವ ಆಸೆ. ಕೆಲಸ ಅಚ್ಚುಕಟ್ಟು, ಅರ್ಥಿಂಗ್ ಪರೀಕ್ಷಿಸದೆ ಯಾವ ಮನೆಯನ್ನೂ ಬಿಟ್ಟು ಬರುವವನಲ್ಲ.

ಆದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಕೆಲಸ ಮಾಡಿಸಬೇಕು, ಅರ್ಹತಾ ಪತ್ರ ಇರುವವರು ಮೇಲ್ವಿಚಾರಣೆ ಮಾಡಬೇಕು. ಅದು ಸರಿಯೇ, ಜೀವದ ವಿಷಯ ಅಲ್ವಾ. ಈ ಮೇಲ್ವಿಚಾರಣೆಗೆ ನಮಗೆ ಗೊತ್ತಿರುವ ಸೂಪರ್‌ವೈಸರ್ ಒಬ್ಬರು ಒಪ್ಪಿದ್ದಾರೆ. ತೊಡಕು ಏನೆಂದರೆ, ಅವರ ಪರ್ಮಿಟ್ ಈಗಾಗಲೇ ಬೇರೆ ಕಂಟ್ರಾಕ್ಟರ್ ಹೆಸರಲ್ಲಿ ಸೇರಿದೆ. ಕಚೇರಿಯಲ್ಲಿ ವಿಚಾರಿಸಿದರೆ ಒಬ್ಬರು ಆಗಲ್ಲ ಅಂದರು, ಇನ್ನೊಬ್ಬರು ಬಿಡುಗಡೆ ಪತ್ರ ತನ್ನಿ ಅಂದರು.

ಕರ್ನಾಟಕದಲ್ಲಿ ಇತ್ತೀಚೆಗೆ ಲೈಸೆನ್ಸ್ ಪಡೆದವರು ದಯವಿಟ್ಟು ಹೇಳಿ: ಒಬ್ಬ ಸೂಪರ್‌ವೈಸರ್‌ನ ಪರ್ಮಿಟ್ ಎರಡು ಲೈಸೆನ್ಸ್‌ಗೆ ನಡೆಯುತ್ತದಾ? ಇಲ್ಲವೆಂದರೆ, ಹಳೆಯ ಕಡೆಯಿಂದ ಬಿಡಿಸಿಕೊಳ್ಳಲು ಯಾವ ಕಾಗದ ಕೊಡಬೇಕು?